ಬೆಳ್ಳಗಿರುವುದೆಲ್ಲ ಹಾಲಲ್ಲ: ಸಕ್ಕರೆ ಕಾಯಿಲೆಯ ಬಗೆ ಯಾವುದು?



ಭಿವಂಡಿ, ಕಲ್ಯಾಣ್, ಡೊಂಬಿವಲಿ, ಥಾಣೆ, ನವಿ ಮುಂಬಯಿಗಳಲ್ಲಿ ಹುಟ್ಟಿ ಬೆಳೆದ ನಿಮಗೆಲ್ಲ ಮನೆಯಲ್ಲಿ ಒಂದು ಜವಾಬ್ದಾರಿ ತಾನಾಗಿಯೇ ಬಂದು ಒದಗಿರುತ್ತದೆ. ಅಪ್ಪನನ್ನೋ ಅಮ್ಮನನ್ನೋ ಡಾಕ್ಟರರ ಬಳಿ ಕರೆದುಕೊಂಡು ಹೋಗುವುದು, ಅವರು ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಿದ್ದನ್ನು ಮನೆಗೆ ಬಂದು ಕನ್ನಡದಲ್ಲೋ ತುಳುವಿನಲ್ಲೋ ತಿಳಿಸುವುದು, ಲ್ಯಾಬಿನಿಂದ ಬಂದ ಇಂಗ್ಲಿಷ್ ರಿಪೋರ್ಟನ್ನು ಓದಿ ಅರ್ಥ ಹೇಳುವುದು. ಊರು ಬಿಟ್ಟು ಬಂದು ಹೋಟೆಲು, ಪವರ್‌ಲೂಮ್, ಗೋದಾಮು ಎಂದು ದುಡಿದ ಹಿರಿಯರಿಗೆ ನೀವೇ ಕಣ್ಣು, ನೀವೇ ಕಿವಿ ಎಂದರೆ ಅತಿಶಯೋಕ್ತಿಯಲ್ಲ. ಅದಕ್ಕಾಗಿಯೇ ಈ ಲೇಖನವನ್ನು ನಿಮಗೆ ಬರೆಯುತ್ತಿದ್ದೇನೆ.

ವಿಷಯ ಸಕ್ಕರೆ ಕಾಯಿಲೆ. "ಅಯ್ಯೋ, ಮತ್ತೆ ಅದೇ ಉಪದೇಶವೇ?" ಎಂದು ಪುಟ ತಿರುವಬೇಡಿ. ಅನ್ನ ಕಡಿಮೆ ಮಾಡಿ, ನಡೆದಾಡಿ ಎಂದು ಹೇಳಲು ನಾನು ಹೊರಟಿಲ್ಲ. ನಾನು ವೈದ್ಯೆಯೂ ಅಲ್ಲ. ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮಾಡಿ, ಮದುವೆಯಾಗಿ ಇಲ್ಲಿಗೆ ಬಂದು ಸಂಸಾರ ನಡೆಸಿದ ಗೃಹಿಣಿ. ಆದರೆ ಓದಿ, ಕೇಳಿ, ನಮ್ಮ ಬಳಗದಲ್ಲೇ ಕಂಡು ತಿಳಿದುಕೊಂಡ ಒಂದು ಸಂಗತಿ ನಿಮಗೆ ತಿಳಿದಿರಬೇಕು ಅನ್ನಿಸಿತು. ದೊಡ್ಡವರಿಗೆ ಸಕ್ಕರೆ ಕಾಯಿಲೆ ಬಂದರೆ ಅದು 'ಟೈಪ್ 2' ಎಂದೇ ಎಲ್ಲರೂ ತಿಳಿಯುತ್ತಾರೆ. ಬಹುಪಾಲು ಅದು ನಿಜವೂ ಹೌದು. ಮಧುಮೇಹಿಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಆ ಬಗೆಯವರೇ. ಆದರೆ ಉಳಿದವರ ಗತಿ ಏನು? ಅವರಿಗೂ ಅದೇ ಹಣೆಪಟ್ಟಿ ಅಂಟಿಸಿದರೆ ಏನಾಗುತ್ತದೆ? ಪ್ರಶ್ನೆ ಇರುವುದು ಅಲ್ಲಿ.

ಎರಡು ಬಗೆ ಎಂಬುದು ಹಳೆಯ ಮಾತು

ಈ ಕಾಯಿಲೆ ಎಲ್ಲರಲ್ಲೂ ಒಂದೇ ಅಲ್ಲ ಎಂಬುದು ನಮ್ಮ ಪೂರ್ವಿಕರಿಗೇ ಹೊಳೆದಿತ್ತು. ಸುಶ್ರುತ ಸಂಹಿತೆಯಲ್ಲಿ ಪ್ರಮೇಹವನ್ನು ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಎರಡಾಗಿ ವಿಂಗಡಿಸಿದ್ದಾರೆ. ಮೊದಲನೆಯವರು ಕೃಶಕಾಯರು, ಎರಡನೆಯವರು ಸ್ಥೂಲಕಾಯರು ಎಂದೂ ಹೇಳಿದ್ದಾರೆ. ಯಂತ್ರವಿಲ್ಲದ, ಲ್ಯಾಬಿಲ್ಲದ ಕಾಲದಲ್ಲಿ ಕೇವಲ ಕಣ್ಣಿನಿಂದ ನೋಡಿ ಇಷ್ಟು ಹೇಳಿದ್ದು ಸಣ್ಣ ಮಾತಲ್ಲ.

ಮುಂದೆ 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಪತ್ತೆಯಾಯಿತು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಇಂಜೆಕ್ಷನ್ ಕೊಟ್ಟರು. ಸಾವಿನ ಬಾಗಿಲಲ್ಲಿದ್ದ ಹುಡುಗ ಚೇತರಿಸಿಕೊಂಡ. ಆದರೆ ಕೆಲವರಿಗೆ ಇನ್ಸುಲಿನ್ ಕೂಡಲೇ ಹಿಡಿಯುತ್ತದೆ, ಕೆಲವರಿಗೆ ಅಷ್ಟಾಗಿ ಹಿಡಿಯುವುದಿಲ್ಲ ಎಂಬುದನ್ನು ಲಂಡನ್ನಿನ ವೈದ್ಯ ಹೆರಾಲ್ಡ್ ಹಿಮ್ಸ್‌ವರ್ತ್ 1936ರಲ್ಲಿ ತೋರಿಸಿಕೊಟ್ಟರು. 1979ರಲ್ಲಿ 'ಇನ್ಸುಲಿನ್ ಅವಲಂಬಿತ', 'ಇನ್ಸುಲಿನ್ ಅವಲಂಬಿತವಲ್ಲದ' ಎಂಬ ಹೆಸರುಗಳು ಬಂದವು. ಎರಡನೆಯ ಬಗೆಯವರೂ ಕಾಲಕ್ರಮೇಣ ಇನ್ಸುಲಿನ್ ತೆಗೆದುಕೊಳ್ಳಬೇಕಾಗಿ ಬಂದು ಗೊಂದಲವಾಗುತ್ತಿದ್ದುದರಿಂದ 1997ರಲ್ಲಿ ಅಮೆರಿಕದ ತಜ್ಞರ ಸಮಿತಿ ಆ ಹೆಸರುಗಳನ್ನು ಕೈಬಿಟ್ಟು ಟೈಪ್ 1, ಟೈಪ್ 2 ಎಂದೇ ಕರೆಯಬೇಕೆಂದು ಹೇಳಿತು.

ಒಂದು ಸುಲಭದ ಹೋಲಿಕೆ ಕೊಡುತ್ತೇನೆ. ದೇಹದ ಜೀವಕೋಶಗಳು ಬೀಗ ಹಾಕಿದ ಮನೆಗಳು, ಇನ್ಸುಲಿನ್ ಅವುಗಳ ಕೀಲಿಕೈ. ಟೈಪ್ 2ರಲ್ಲಿ ಕೀಲಿಕೈ ಇದೆ, ಆದರೆ ಬೀಗ ತುಕ್ಕು ಹಿಡಿದಿದೆ. ಎಷ್ಟು ತಿರುಗಿಸಿದರೂ ಬಾಗಿಲು ಸರಿಯಾಗಿ ತೆರೆಯದು. ಟೈಪ್ 1ರಲ್ಲಿ ಬೀಗ ಸರಿಯಾಗಿದೆ, ಕೀಲಿಕೈ ಮಾಡುವ ಕಾರ್ಖಾನೆಯೇ ಹಾಳಾಗಿದೆ. ಹಾಳು ಮಾಡಿದವರು ಯಾರು? ಹೊರಗಿನ ಶತ್ರುವಲ್ಲ, ದೇಹದ ಕಾವಲುಗಾರನೇ. ರೋಗಗಳಿಂದ ನಮ್ಮನ್ನು ಕಾಪಾಡಬೇಕಾದ ರಕ್ಷಣಾ ವ್ಯವಸ್ಥೆ ದಿಕ್ಕು ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶ ಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಅಂಥವರಿಗೆ ಮಾತ್ರೆ ಸಾಲದು, ಇನ್ಸುಲಿನ್ ಬೇಕೇ ಬೇಕು.

ವಯಸ್ಸು ನೋಡಿ ಹೇಳಬಹುದೇ?

'ಟೈಪ್ 1 ಎಂದರೆ ಮಕ್ಕಳ ಕಾಯಿಲೆ' ಎಂಬ ನಂಬಿಕೆ ಜನರಲ್ಲಿ ಬೇರೂರಿದೆ. ಅದು ಅರ್ಧಸತ್ಯ. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 60 ವರ್ಷದೊಳಗೆ ಬಂದ, ವಂಶವಾಹಿಗಳ ಲೆಕ್ಕದಲ್ಲಿ ಟೈಪ್ 1 ಎನ್ನಬಹುದಾದ ಪ್ರಕರಣಗಳಲ್ಲಿ ನೂರಕ್ಕೆ 42ರಷ್ಟು 30 ವರ್ಷ ದಾಟಿದ ಮೇಲೆ ಕಾಣಿಸಿಕೊಂಡವು. ಆ ವಯಸ್ಸಿನಲ್ಲಿ ಟೈಪ್ 2 ರೋಗಿಗಳ ಸಂಖ್ಯೆ ಬಹಳ ದೊಡ್ಡದು. ಆ ಜಾತ್ರೆಯ ಗುಂಪಿನಲ್ಲಿ ಈ ಕೆಲವರು ಕಳೆದುಹೋಗುತ್ತಾರೆ, ಅಷ್ಟೆ.

ಗಣ್ಯರಿಗೂ ಇದು ತಪ್ಪಿದ್ದಲ್ಲ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ತೆರೆಸಾ ಮೇ ಅವರಿಗೆ 2012ರಲ್ಲಿ, 56ನೆಯ ವಯಸ್ಸಿನಲ್ಲಿ ಮಧುಮೇಹ ಪತ್ತೆಯಾಯಿತು. ಮೊದಲು ಟೈಪ್ 2 ಎಂದೇ ಹೇಳಿ ಮಾತ್ರೆ ಕೊಟ್ಟಿದ್ದರು. ಮಾತ್ರೆ ನಾಟದೆ ಮತ್ತೆ ಪರೀಕ್ಷಿಸಿದಾಗ ಅದು ಟೈಪ್ 1 ಎಂದು ಗೊತ್ತಾಯಿತು. ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಅವರು 2016ರಿಂದ 2019ರ ತನಕ ದೇಶ ಆಳಿದರು. ಕ್ರಿಕೆಟ್ ಪ್ರಿಯರಾದ ನಿಮಗೆ ವಾಸಿಂ ಅಕ್ರಂ ಹೆಸರು ಗೊತ್ತೇ ಇದೆ. ಅವರಿಗೆ ಟೈಪ್ 1 ಎಂದು ತಿಳಿದದ್ದು 1997ರಲ್ಲಿ, ಮೂವತ್ತರ ಆಸುಪಾಸಿನಲ್ಲಿ. ಆ ಮೇಲೂ ಅವರು ಹಲವು ವರ್ಷ ಬೌಲಿಂಗ್ ಮಾಡಿದರು, 1999ರ ವಿಶ್ವಕಪ್ಪಿನಲ್ಲಿ ತಂಡದ ನಾಯಕರೂ ಆಗಿದ್ದರು.

ಮೈಕಟ್ಟು ನೋಡಿ ಹೇಳಬಹುದೇ?

ದಪ್ಪಗಿದ್ದರೆ ಟೈಪ್ 2, ತೆಳ್ಳಗಿದ್ದರೆ ಟೈಪ್ 1 ಎಂದು ತೀರ್ಮಾನಿಸಿಬಿಡಬಹುದಲ್ಲ ಎಂದು ನೀವು ಕೇಳಬಹುದು. ಪಾಶ್ಚಾತ್ಯರಲ್ಲಿ ಅದು ಸ್ವಲ್ಪ ಮಟ್ಟಿಗೆ ನಡೆದೀತು. ನಮ್ಮಲ್ಲಿ ಆ ಲೆಕ್ಕ ಕೈಕೊಡುತ್ತದೆ. ಇದಕ್ಕೆ ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು ಒಂದು ಸ್ವಾರಸ್ಯಕರ ಪುರಾವೆ ಕೊಟ್ಟಿದ್ದಾರೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ಮತ್ತು ಲಂಡನ್ನಿನ ಗೆಳೆಯ ಡಾ. ಜಾನ್ ಯಡ್ಕಿನ್ ಅವರ ಫೋಟೋವನ್ನು ಜೊತೆಯಾಗಿ ಪ್ರಕಟಿಸಿದರು. ಇಬ್ಬರದೂ ತೂಕ–ಎತ್ತರದ ಸೂಚ್ಯಂಕ ಒಂದೇ, 22.3. ಆದರೆ ದೇಹದಲ್ಲಿದ್ದ ಕೊಬ್ಬು ಯಡ್ಕಿನ್ನರದು ನೂರಕ್ಕೆ 9.1, ಯಾಜ್ಞಿಕರದು 21.2! ನೋಡಲು ತೆಳ್ಳಗೆ, ಒಳಗೆ ಕೊಬ್ಬು; ಇದು ನಮ್ಮ ಭಾರತೀಯರ ಮೈಗುಣ. ಹಾಗಾಗಿ ತೆಳ್ಳಗಿನ ಭಾರತೀಯನಿಗೂ ಟೈಪ್ 2 ಬರಬಹುದು, ಬರುತ್ತದೆ. ತೆಳ್ಳಗಿದ್ದಾರೆ ಎಂಬ ಒಂದೇ ಕಾರಣಕ್ಕೆ ಟೈಪ್ 1 ಎಂದು ಹೆದರಬೇಕಾಗಿಲ್ಲ. ತೆಳ್ಳಗಿದ್ದೂ ಟೈಪ್ 2 ಬರುತ್ತದಲ್ಲ ಎಂದು ಸುಮ್ಮನಿರುವಂತೆಯೂ ಇಲ್ಲ. ಗೊಂದಲ ನಮ್ಮ ನಾಡಿನಲ್ಲಿ ಇಮ್ಮಡಿ.

ನಮ್ಮವರೊಬ್ಬರ ಕಥೆ

ನಮ್ಮ ಬಳಗದಲ್ಲೇ ಆದದ್ದನ್ನು ಹೇಳುತ್ತೇನೆ. ನನ್ನ ಯಜಮಾನರ ಚಿಕ್ಕಪ್ಪನ ಮಗ, ವಯಸ್ಸು 43. ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕೂರುವವರು. ಸಕ್ಕರೆ ಕಾಯಿಲೆ ಎಂದು ತಿಳಿದಾಗ ಮಾತ್ರೆ ಶುರುವಾಯಿತು. ಮೊದಲ ಏಳೆಂಟು ತಿಂಗಳು ಚೆನ್ನಾಗಿಯೇ ಇತ್ತು. ಆಮೇಲೆ ಸಕ್ಕರೆ ಏರತೊಡಗಿತು. ಒಂದು ಮಾತ್ರೆ ಎರಡಾಯಿತು, ಎರಡು ಮೂರಾಯಿತು. 68 ಕಿಲೋ ಇದ್ದವರು 57ಕ್ಕೆ ಇಳಿದರು. ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು.

ಕಾಯಿಲೆಗಿಂತ ಹೆಚ್ಚಾಗಿ ಅವರನ್ನು ಕುಗ್ಗಿಸಿದ್ದು ಜನರ ಮಾತು. "ಹೋಟೆಲಿನಲ್ಲಿ ಕದ್ದು ಜಿಲೇಬಿ ತಿನ್ನುತ್ತಾನೆ," "ಪಥ್ಯ ಮಾಡುವುದಿಲ್ಲ," "ಡಾಕ್ಟರರ ಮಾತು ಕೇಳುವುದಿಲ್ಲ" ಎಂದು ಕಂಡವರೆಲ್ಲ ಬುದ್ಧಿ ಹೇಳಿದರು. ಅವರು ಚಹಾಕ್ಕೂ ಸಕ್ಕರೆ ಹಾಕುತ್ತಿರಲಿಲ್ಲ. ಎರಡು ಚಪಾತಿಯನ್ನು ಒಂದಕ್ಕೆ ಇಳಿಸಿದ್ದರು. ಹಸಿದುಕೊಂಡೇ ಬೈಸಿಕೊಳ್ಳುತ್ತಿದ್ದರು.

ಬಿ.ಎಸ್‌ಸಿ. ಓದುತ್ತಿದ್ದ ಅವರ ಮಗಳು ಒಂದು ಕೆಲಸ ಮಾಡಿದಳು. ಹಳೆಯ ರಿಪೋರ್ಟುಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿ, ಒಂದು ನೋಟ್‌ಬುಕ್ಕಿನಲ್ಲಿ ತೂಕ, ಸಕ್ಕರೆ, ಮಾತ್ರೆಯ ಪ್ರಮಾಣ ಮೂರನ್ನೂ ಸಾಲಾಗಿ ಬರೆದಳು. ಮಾತ್ರೆ ಏರುತ್ತಿದೆ, ಸಕ್ಕರೆಯೂ ಏರುತ್ತಿದೆ, ತೂಕ ಮಾತ್ರ ಇಳಿಯುತ್ತಿದೆ ಎಂಬುದು ಒಂದೇ ಪುಟದಲ್ಲಿ ಕಂಡಿತು. ಅಪ್ಪನಿಗೆ ಮೊದಲಿನಿಂದಲೂ ಥೈರಾಯ್ಡ್ ತೊಂದರೆ ಇತ್ತು ಎಂಬುದನ್ನೂ ಬರೆದಳು. ಮುಂದಿನ ಸಲ ಡಾಕ್ಟರರ ಮುಂದೆ ಆ ಪುಟವನ್ನಿಟ್ಟು, "ಇದು ಟೈಪ್ 2 ಹೌದೇ ಎಂದು ಖಚಿತ ಮಾಡಿಕೊಳ್ಳಲು ಯಾವುದಾದರೂ ಪರೀಕ್ಷೆ ಇದೆಯೇ?" ಎಂದು ವಿನಯದಿಂದಲೇ ಕೇಳಿದಳು. ಡಾಕ್ಟರರು ಪುಟವನ್ನು ಎರಡು ಸಲ ಓದಿ, ತಜ್ಞರ ಬಳಿ ಕಳಿಸಿದರು. ರಕ್ತದಲ್ಲಿ ಆ್ಯಂಟಿಬಾಡಿ ಸಿಕ್ಕಿತು. ಇನ್ಸುಲಿನ್ ಆರಂಭವಾಯಿತು. ಆರು ತಿಂಗಳಲ್ಲಿ ಅವರು ಮತ್ತೆ 65 ಕಿಲೋ!

ಇದರಲ್ಲಿ ಮೊದಲ ಡಾಕ್ಟರರನ್ನು ದೂರುವುದಕ್ಕೂ ಬರುವುದಿಲ್ಲ. ಏಕೆಂದರೆ ಈ ಬಗೆಯ ಗುಣವೇ ಅಂಥದ್ದು. ಆರಂಭದಲ್ಲಿ ಅದು ಟೈಪ್ 2ರ ವೇಷ ತೊಟ್ಟು ಬರುತ್ತದೆ.

ವೇಷ ತೊಟ್ಟು ಬರುವ ಬಗೆಗಳು

ನಮ್ಮವರಿಗಿದ್ದ ಬಗೆಯನ್ನು ವೈದ್ಯರು 'ಲಾಡಾ' ಎನ್ನುತ್ತಾರೆ. ಕೆಲವರು 'ಟೈಪ್ ಒಂದೂವರೆ' ಎಂದೂ ಕರೆಯುವುದುಂಟು. ಮಕ್ಕಳಲ್ಲಿ ಬೀಟಾ ಕೋಶಗಳು ಸಾಮಾನ್ಯವಾಗಿ ಬೇಗ ನಾಶವಾದರೆ, ಇದರಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಿಧಾನವಾಗಿ ನಾಶವಾಗುತ್ತವೆ. ಅಷ್ಟು ದಿನ ಉಳಿದ ಕೋಶಗಳು ಹೇಗೋ ನಿಭಾಯಿಸುವುದರಿಂದ ಮಾತ್ರೆ ಕೆಲಸ ಮಾಡಿದಂತೆ ಕಾಣುತ್ತದೆ. ಬ್ರಿಟನ್ನಿನಲ್ಲಿ ಹೊಸದಾಗಿ ಟೈಪ್ 2 ಎಂದು ಗುರುತಿಸಿದ್ದ 3,672 ಮಂದಿಯ ರಕ್ತ ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ವರದಿಯಂತೆ, ನೂರಕ್ಕೆ ಸುಮಾರು 12 ಮಂದಿಯಲ್ಲಿ ಇಂಥ ಆ್ಯಂಟಿಬಾಡಿಗಳಿದ್ದವು. ಎಲ್ಲ ದೇಶಗಳಲ್ಲೂ ಪ್ರಮಾಣ ಇಷ್ಟೇ ಇರಬೇಕೆಂದಿಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಎರಡೂ ಬಗೆಗಳ ಮಿಶ್ರ ರೂಪವೆಂದು ಪಟ್ಟಿ ಮಾಡಿತು.

ಇನ್ನೊಂದು 'ಮೋಡಿ'. ಹೆಸರು ಕೇಳಿ ನಗಬೇಡಿ, ಮೋಡಿ ಮಾಡುವುದರಲ್ಲಿ ಅದು ನಿಸ್ಸೀಮವೇ! ಒಂದೇ ಒಂದು ಜೀನಿನ ದೋಷದಿಂದ ಬರುವ ಇದು ಸಾಮಾನ್ಯವಾಗಿ ಅಜ್ಜ, ಅಪ್ಪ, ಮಗ ಎಂದು ತಲೆತಲಾಂತರ ಇಳಿದು ಬರುತ್ತದೆ, ಹೆಚ್ಚಾಗಿ 25 ವರ್ಷದೊಳಗೇ ಕಾಣಿಸಿಕೊಳ್ಳುತ್ತದೆ. ಇಲ್ಲಿ ತಪ್ಪು ತಿರುಗುಮುರುಗಾಗಿ ಆಗುತ್ತದೆ. ಚಿಕ್ಕ ವಯಸ್ಸು ನೋಡಿ ಟೈಪ್ 1 ಎಂದು ಇನ್ಸುಲಿನ್ ಚುಚ್ಚುತ್ತಾರೆ. ಇದರ ಕೆಲವು ರೂಪಗಳಿಗೆ ಹಳೆಯ ಕಾಲದ ಅಗ್ಗದ ಮಾತ್ರೆಯೇ ಸಾಕಾಗುತ್ತದೆ.

ಮೂರನೆಯದು ಮೇದೋಜೀರಕ ಗ್ರಂಥಿಯೇ ಊದಿಕೊಂಡು, ಅದರಲ್ಲಿ ಕಲ್ಲುಗಳಾಗಿ ಬರುವ ಮಧುಮೇಹ. ಇದು ಕೇರಳದಲ್ಲಿ ಹೆಚ್ಚಾಗಿ ಕಂಡುಬಂದದ್ದು. ಪದೇ ಪದೇ ಹೊಟ್ಟೆನೋವು, ಎಣ್ಣೆಯಂತಹ ಮಲ ಇದ್ದವರಿಗೆ ವೈದ್ಯರು ಸ್ಕ್ಯಾನ್ ಮಾಡಿಸುತ್ತಾರೆ.

ನಾಲ್ಕನೆಯದು ಭಿವಂಡಿಯಂತಹ ಊರಿನವರಾದ ನಾವು ವಿಶೇಷವಾಗಿ ಗಮನಿಸಬೇಕಾದದ್ದು. ಹೊಟ್ಟೆಗಿಲ್ಲದೆ ಬೆಳೆದವರಿಗೆ ಬರುವ ಮಧುಮೇಹ. 1955ರಲ್ಲಿ ಜಮೈಕಾದಲ್ಲಿ ಮೊದಲು ಇದನ್ನು ಗುರುತಿಸಿದರು. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಪಟ್ಟಿಗೆ ಸೇರಿಸಿ, 1999ರಲ್ಲಿ ಕೈಬಿಟ್ಟಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಮತ್ತು ಅಮೆರಿಕದ ಡಾ. ಮೆರೆಡಿತ್ ಹಾಕಿನ್ಸ್ ಅವರ ಸಂಶೋಧನೆಯ ಫಲವಾಗಿ ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ 2025ರ ಏಪ್ರಿಲಿನಲ್ಲಿ ಬ್ಯಾಂಕಾಕಿನ ಸಮ್ಮೇಳನದಲ್ಲಿ ಇದಕ್ಕೆ 'ಟೈಪ್ 5' ಎಂಬ ಹೆಸರು ಕೊಟ್ಟಿತು. ಇದೊಂದು ಪ್ರತ್ಯೇಕ ಬಗೆಯೇ ಎಂಬ ಬಗ್ಗೆ ತಜ್ಞರಲ್ಲಿ ವಾದವಿವಾದ ಮುಗಿದಿಲ್ಲ. ಅದೇನೇ ಇರಲಿ, ಬಾಲ್ಯದಲ್ಲಿ ಬರಗಾಲ ಕಂಡು, ಹದಿಹರೆಯದಲ್ಲೇ ಮಗ್ಗದ ಮುಂದೆ ನಿಂತ ಕೃಶಕಾಯದ ಕಾರ್ಮಿಕರಿಗೆ "ನೀವು ತೂಕ ಇಳಿಸಿ, ಊಟ ಕಡಿಮೆ ಮಾಡಿ" ಎಂದು ಹೇಳುವುದು ಎಂಥ ಕ್ರೂರ ಹಾಸ್ಯ ಎಂಬುದನ್ನಾದರೂ ಈ ಚರ್ಚೆ ನಮಗೆ ಕಲಿಸಬೇಕು.

ಗೊತ್ತು ಮಾಡಿಕೊಳ್ಳುವುದು ಹೇಗೆ?

ಮುಖ್ಯವಾಗಿ ಎರಡು ರಕ್ತಪರೀಕ್ಷೆಗಳಿವೆ. ಮೊದಲನೆಯದು 'ಗ್ಯಾಡ್ ಆ್ಯಂಟಿಬಾಡಿ'. ದೇಹ ತನ್ನ ಬೀಟಾ ಕೋಶಗಳ ಮೇಲೆ ತಾನೇ ದಾಳಿ ಮಾಡುತ್ತಿದೆಯೇ ಎಂಬುದಕ್ಕೆ ಇದು ಸಾಕ್ಷಿ. ಇದು ಇಲ್ಲವೆಂದು ಬಂದರೆ ಇನ್ನೂ ಒಂದೆರಡು ಆ್ಯಂಟಿಬಾಡಿಗಳನ್ನು ನೋಡುವುದುಂಟು. ಪ್ರೌಢ ವಯಸ್ಸಿನ ಟೈಪ್ 1 ರೋಗಿಗಳಲ್ಲಿ ನೂರಕ್ಕೆ 5ರಿಂದ 10 ಮಂದಿಯಲ್ಲಿ ಯಾವ ಆ್ಯಂಟಿಬಾಡಿಯೂ ಸಿಗುವುದಿಲ್ಲ. ಆದ್ದರಿಂದ 'ಇಲ್ಲ' ಎಂಬ ಉತ್ತರವೊಂದರಿಂದಲೇ ವಿಷಯ ಮುಗಿಯದು.

ಎರಡನೆಯದು 'ಸಿ-ಪೆಪ್ಟೈಡ್'. ದೇಹ ಇನ್ಸುಲಿನ್ ತಯಾರಿಸುವಾಗ ಪ್ರತಿಯೊಂದು ಇನ್ಸುಲಿನ್ ಕಣದ ಜೊತೆ ಒಂದು ಸಿ-ಪೆಪ್ಟೈಡ್ ಕಣವೂ ಹೊರಬರುತ್ತದೆ. ಇಂಜೆಕ್ಷನ್ನಿನ ಇನ್ಸುಲಿನ್ನಿನಲ್ಲಿ ಅದು ಇರುವುದಿಲ್ಲ. ಹೀಗಾಗಿ ಹೊರಗಿನಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರ ಸ್ವಂತ ಉತ್ಪಾದನೆ ಎಷ್ಟು ಉಳಿದಿದೆ ಎಂಬುದನ್ನೂ ಇದರಿಂದ ತಿಳಿಯಬಹುದು. 2021ರಲ್ಲಿ ಅಮೆರಿಕ ಮತ್ತು ಯುರೋಪಿನ ತಜ್ಞರು ಒಮ್ಮತದಿಂದ ಹೇಳಿದಂತೆ, ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರಲ್ಲಿ ಈ ಅಳತೆ 200 ಪಿಕೊಮೋಲ್‌ಗಿಂತ ಕಡಿಮೆಯಿದ್ದರೆ ಟೈಪ್ 1ರ ಕಡೆಗೆ, 600ಕ್ಕಿಂತ ಹೆಚ್ಚಿದ್ದರೆ ಟೈಪ್ 2ರ ಕಡೆಗೆ ಬೆರಳು ತೋರಿಸುತ್ತದೆ. ನಡುವಿನದು ಅನಿಶ್ಚಿತ ವಲಯ. ಸಕ್ಕರೆ ವಿಪರೀತ ಏರಿರುವಾಗ ಸುಸ್ತಾದ ಗ್ರಂಥಿ ಕಡಿಮೆ ತೋರಿಸಬಹುದು, ರೋಗದ ಆರಂಭದಲ್ಲಿ ಹೆಚ್ಚು ತೋರಿಸಬಹುದು. ಆದ್ದರಿಂದ ಯಾವಾಗ ಮಾಡಿಸಬೇಕು, ಫಲಿತಾಂಶಕ್ಕೆ ಏನು ಅರ್ಥ ಎಂಬುದನ್ನು ವೈದ್ಯರೇ ಹೇಳಬೇಕು. ನೀವಾಗಿಯೇ ಲ್ಯಾಬಿಗೆ ಹೋಗಿ ಮಾಡಿಸಿ ತೀರ್ಪು ಕೊಡಬೇಡಿ.

ಇದು ಎಲ್ಲರಿಗೂ ಬೇಕಾದ ಪರೀಕ್ಷೆಯಲ್ಲ. ಯಾರ ಬಗ್ಗೆ ಸಂಶಯಪಡಬೇಕು? ತೂಕ ಕಾರಣವಿಲ್ಲದೆ ಇಳಿಯುತ್ತಿರುವವರು, ಮಾತ್ರೆ ಏರಿಸಿದರೂ ಸಕ್ಕರೆ ಇಳಿಯದವರು, ಥೈರಾಯ್ಡ್, ತೊನ್ನು ಮುಂತಾಗಿ ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಕಾಯಿಲೆ ಸ್ವಂತಕ್ಕೋ ಕುಟುಂಬದಲ್ಲೋ ಇರುವವರು, 35ರೊಳಗೆ ಕಾಯಿಲೆ ಬಂದವರು. ಇಂಥವರ ವಿಷಯದಲ್ಲಿ ಒಮ್ಮೆ ತಜ್ಞರನ್ನು ಕಾಣುವುದು ಲೇಸು. ಖರ್ಚಿನ ಚಿಂತೆಯಿದ್ದರೆ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದಕ್ಕೆಂದೇ ಎಂಡೋಕ್ರೈನಾಲಜಿ ವಿಭಾಗವಿದೆ. ಕಲ್ಯಾಣಿನಿಂದ ಲೋಕಲ್ ಹಿಡಿದರೆ ಹೋಗಿ ಬರಲು ಒಂದು ದಿನದ ಕೆಲಸ ಕೆಡಬಹುದು, ಅದು ವ್ಯರ್ಥವಲ್ಲ.

ಬಗೆ ಯಾವುದಾದರೇನು ಎನ್ನುವವರಿಗೆ

"ಸಕ್ಕರೆ ಇಳಿದರಾಯಿತು, ಹೆಸರು ಕಟ್ಟಿಕೊಂಡು ಏನಾಗಬೇಕು?" ಎನ್ನುವವರಿದ್ದಾರೆ. ಇಲ್ಲಿ ಹೆಸರಿನ ಮೇಲೆ ಜೀವ ನಿಂತಿದೆ. ಇನ್ಸುಲಿನ್ ಪೂರ್ತಿ ಇಲ್ಲವಾದರೆ ದೇಹ ಕೊಬ್ಬನ್ನು ಕರಗಿಸಿ ರಕ್ತದಲ್ಲಿ ಕೀಟೋನ್ ಎಂಬ ಆಮ್ಲವನ್ನು ತುಂಬಿಸುತ್ತದೆ. ತಡೆಯಲಾರದ ಬಾಯಾರಿಕೆ, ವಾಂತಿ, ಹೊಟ್ಟೆನೋವು, ಏದುಸಿರು, ಬಾಯಲ್ಲಿ ಹಣ್ಣಿನಂತಹ ವಾಸನೆ, ಮಂಪರು ಇದರ ಲಕ್ಷಣಗಳು. 'ಪಿತ್ತ ಕೆದರಿದೆ' ಎಂದು ಶುಂಠಿ ಕಷಾಯ ಕೊಟ್ಟು ಮಲಗಿಸಿದರೆ ಪ್ರಾಣಕ್ಕೇ ಅಪಾಯ. ತಕ್ಷಣ ಆಸ್ಪತ್ರೆಗೆ ಸೇರಿಸಬೇಕು.

ಮತ್ತೊಂದು ಎಚ್ಚರ. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಈಗ ನಮ್ಮ ದೇಶದಲ್ಲಿ ಅಗ್ಗವಾಗಿ ಸಿಗುತ್ತವೆ. ಟೈಪ್ 2ರವರಿಗೆ, ಹೃದಯ ಹಾಗೂ ಮೂತ್ರಪಿಂಡದ ತೊಂದರೆ ಇರುವವರಿಗೆ ಅವು ಒಳ್ಳೆಯ ಔಷಧಿಗಳೇ. ಆದರೆ ಸ್ವಂತ ಇನ್ಸುಲಿನ್ ಬತ್ತಿದವರು ಅವನ್ನು ತೆಗೆದುಕೊಂಡರೆ, ಮೀಟರಿನಲ್ಲಿ ಸಕ್ಕರೆ ಹೆಚ್ಚೇನೂ ಕಾಣದಿದ್ದರೂ ಒಳಗೆ ಕೀಟೋನ್ ಏರಬಹುದು. ನೆರೆಮನೆಯವರಿಗೆ ಹಿಡಿದ ಮಾತ್ರೆಯನ್ನು ನಮ್ಮವರಿಗೂ ತಂದುಕೊಡುವ ಔದಾರ್ಯ ಬೇಡ. ಟೈಪ್ 1ರವರು ಏಕಾದಶಿಯ ಉಪವಾಸವೆಂದೋ, 'ಬೇರಿನ ಔಷಧಿ' ಸಿಕ್ಕಿತೆಂದೋ ಇನ್ಸುಲಿನ್ ನಿಲ್ಲಿಸುವಂತಿಲ್ಲ.

ಇನ್ಸುಲಿನ್ ಎಂದರೆ ಕೊನೆಯ ಘಟ್ಟ ಎಂಬ ಹೆದರಿಕೆಯೂ ನಮ್ಮ ಹಿರಿಯರಲ್ಲಿದೆ. ಬೇಕಾದವರಿಗೆ ಅದು ಅನ್ನ ನೀರಿನ ಹಾಗೆ. ಟೈಪ್ 2 ಇದ್ದವರು ಇನ್ಸುಲಿನ್ ಹಾಕಿಕೊಂಡ ಮಾತ್ರಕ್ಕೆ ಟೈಪ್ 1 ಆಗಿಬಿಡುವುದಿಲ್ಲ ಎಂಬುದನ್ನೂ ಅವರಿಗೆ ತಿಳಿಸಿ ಹೇಳಿ.

ನೀವು ಮಾಡಬಹುದಾದದ್ದು

ಡಾಕ್ಟರರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, "ಮನೆತನದಲ್ಲಿ ಯಾರಿಗಾದರೂ ಇತ್ತೇ?" ಎಂಬುದು. ಆ ಉತ್ತರ ಯಾವ ಕಂಪ್ಯೂಟರಿನಲ್ಲೂ ಇಲ್ಲ. ಊರಿನಲ್ಲಿರುವ ಅಜ್ಜಿಯ ನೆನಪಿನಲ್ಲಿದೆ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅವರ ಪಕ್ಕ ಕುಳಿತು ಕೇಳಿ. 'ಡಯಾಬಿಟಿಸ್' ಎಂದರೆ ಅವರಿಗೆ ಹೊಳೆಯಲಿಕ್ಕಿಲ್ಲ. 'ಸಿಹಿಮೂತ್ರ' ಇತ್ತೇ, ಯಾರ ಗಾಯ ಮಾಯದೆ ಹೋಯಿತು, ಯಾರು ಚಿಕ್ಕ ವಯಸ್ಸಿನಲ್ಲೇ ಒಣಗಿ ಹೋಗಿ ತೀರಿಕೊಂಡರು, ಯಾರಿಗೆ ಕುತ್ತಿಗೆಯಲ್ಲಿ ಗಳಗಂಡ ಇತ್ತು ಎಂದು ಅವರ ಮಾತಿನಲ್ಲೇ ಕೇಳಿ. ನಿಮಗೆ ಬರುವ ಹರಕುಮುರುಕು ಕನ್ನಡವೇ ಸಾಕು. ಸೋದರಮಾವ, ದೊಡ್ಡಮ್ಮ, ಅಜ್ಜನ ತಮ್ಮ ಎಂದು ಮೂರು ತಲೆಮಾರಿನ ವಂಶವೃಕ್ಷ ಬರೆದು, ಕಾಯಿಲೆ ಬಂದವರ ಮುಂದೆ ವಯಸ್ಸು ನಮೂದಿಸಿ. ನಮ್ಮ ಭಾಷೆ ಒಂದು ಜೀವ ಉಳಿಸಲು ನೆರವಾಗುವ ಪರಿ ಇದು.

ಎರಡನೆಯದಾಗಿ, ಮನೆಯಲ್ಲಿ ಒಂದು ಕಡತವಿಡಿ. ರಿಪೋರ್ಟು, ತೂಕ, ಮಾತ್ರೆಗಳ ಹೆಸರು ಎಲ್ಲವೂ ದಿನಾಂಕದೊಂದಿಗೆ ಅದರಲ್ಲಿರಲಿ. ಮೂರನೆಯದಾಗಿ, ಡಾಕ್ಟರರೊಡನೆ ವಾದ ಬೇಡ, ಪ್ರಶ್ನೆ ಇರಲಿ. ದಿನಕ್ಕೆ ನೂರು ರೋಗಿಗಳನ್ನು ನೋಡುವವರಿಗೆ ಒಂದು ಪುಟದ ಸ್ಪಷ್ಟ ಬರಹ ದೊಡ್ಡ ಉಪಕಾರ.

ಕೊನೆಯದಾಗಿ ಒಂದು ವಿನಂತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ ದಾಟಿದೆ. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿದೆ. ಸಕ್ಕರೆ ಇಳಿಯಲಿಲ್ಲವೆಂದು ಯಾರನ್ನಾದರೂ ಕಂಡರೆ 'ಪಥ್ಯ ಮಾಡಲಿಲ್ಲ' ಎಂದು ತಟ್ಟನೆ ಬೈಯಬೇಡಿ. ಆತ ಪಥ್ಯ ಮಾಡಿ ಮಾಡಿ ಸೋತಿರಬಹುದು. ಅವನ ಕಾಯಿಲೆಗೆ ಇಟ್ಟ ಹೆಸರೇ ತಪ್ಪಿರಬಹುದು. ಬೈಯುವ ಬದಲು, "ಬಗೆ ಯಾವುದೆಂದು ನೋಡಿಸಿದ್ದೀರಾ? ನಾನು ಜೊತೆಗೆ ಬರಲೇ?" ಎಂದು ಕೇಳಿ. ನೀವು ಜೊತೆಗೆ ಹೋದರೆ ಅದೇ ಅವರಿಗೆ ಅರ್ಧ ಔಷಧಿ.

ನಿಮಗೂ ನಿಮ್ಮ ಹಿರಿಯರಿಗೂ ಆಯುರಾರೋಗ್ಯ ದೊರೆಯಲಿ.